ತಿದ್ದುಪಡಿ ಮಹಾಶಯನ ಪ್ರಮಾದಗಳು

ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಸ್ತಕ ಮುದ್ರಿಸುತ್ತಿದ್ದ ಕಾಲದಲ್ಲಿ ಕನ್ನಡದ ಲೇಖಕರಿಗೆಲ್ಲ ಸಮಾನಶತ್ರುವೊಬ್ಬನಿದ್ದನು. ವಿಶಾಖದತ್ತನ ನಾಟಕದ ಹೆಸರನ್ನೇ ಎರವಲು ತಂದು ಅವನಿಗೆ ಮುದ್ರಾರಾಕ್ಷಸನೆಂದು ನಾಮಕರಣ ಮಾಡಿ, ಗ್ರಂಥದ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಅವನಿಗೆ ಕಾಣಿಕೆಯಾಗಿ ಸಲ್ಲಿಸಿ, ಮುನ್ನುಡಿಯಲ್ಲಿ ವಾಚಕರ ಕ್ಷಮೆಯನ್ನು ಯಾಚಿಸಿದರೆ ಗ್ರಂಥಕರ್ತನ ಹೊಣೆ ತೀರಿತು. ಆ ರಾಕ್ಷಸನ ಕೃತ್ಯಗಳಲ್ಲಿಯೂ ಒಂದು ಬಗೆಯ ಪ್ರಾಮಾಣಿಕತೆಯಿದ್ದಿತೆಂಬುದು ನಮಗೆ ಈಗ ಹೊಳೆಯುತ್ತಿದೆ. ಅವನು ಒತ್ತಕ್ಷರವನ್ನು ನುಂಗುತ್ತಿದ್ದನು, ದೀರ್ಘವನ್ನು ಹ್ರಸ್ವ ಮಾಡುತ್ತಿದ್ದನು, ಮೊಳೆಯೊಂದನ್ನು ತಲೆಕೆಳಗಾಗಿ ನಿಲ್ಲಿಸಿ ಕಾಣದವನಂತೆ ಇರುತ್ತಿದ್ದನು. ಆದರೆ ಕೆಟ್ಟ ಪದವು ಕೆಟ್ಟಂತೆಯೇ ಪುಟದಲ್ಲಿ ಬಿದ್ದಿರುತ್ತಿದ್ದುದರಿಂದ ವಾಚಕನು ಅದನ್ನು ನೋಡಿದೊಡನೆ ಇದು ಅಚ್ಚಿನ ತಪ್ಪೆಂದು ತಿಳಿದು, ಮನಸ್ಸಿನಲ್ಲಿಯೇ ಸರಿಪಡಿಸಿಕೊಂಡು, ಮುಂದಿನ ಪಂಕ್ತಿಗೆ ನಡೆಯುತ್ತಿದ್ದನು.

ಈಗಿನ ರಾಕ್ಷಸನು ಅವನಿಗಿಂತ ಬಹಳ ಸುಸಂಸ್ಕೃತನು. ಸ್ಮಾರ್ಟ್‌ಫೋನಿನ ಕೀಲಿಮಣೆಯ ಹಿಂದೆ ಅದೃಶ್ಯನಾಗಿ ಕುಳಿತು, ನಾವು ಒತ್ತಿದ ಅಕ್ಷರಗಳನ್ನು ನಮ್ಮ ಅಪ್ಪಣೆಗೆ ಕಾಯದೆ ತಿದ್ದಿ ಬರೆಯುವ ಈ ಆಟೋಕರೆಕ್ಟ್ ಮಹಾಶಯನು ತಾನಾಗಿ ಅಶುದ್ಧಪದವೊಂದನ್ನು ಬರೆಯುವುದು ಅತಿ ವಿರಳ. ಅವನು ಇಟ್ಟ ಪದ ನಿಘಂಟುಸಮ್ಮತ, ಕಾಗುಣಿತಶುದ್ಧ, ನಾಲ್ಕು ಜನರ ಮುಂದೆ ಉಚ್ಚರಿಸಲು ಯೋಗ್ಯ; ಅದಕ್ಕಿರುವ ದೋಷವೆಂದರೆ ಅದು ಅಲ್ಲಿ ಬರಕೂಡದಾಗಿತ್ತೆಂಬುದೊಂದೇ. ತಪ್ಪು ಒಪ್ಪಿನ ವೇಷದಲ್ಲಿ ಬಂದಾಗ ಓದುವವನಿಗೆ ಸಂಶಯ ಹುಟ್ಟುವುದಿಲ್ಲ. ಅವನು ಆ ವಾಕ್ಯವನ್ನು ನಂಬುತ್ತಾನೆ, ನಂಬಿ ಬೆರಗಾಗುತ್ತಾನೆ, ಬೆರಗು ತಿಳಿದ ಮೇಲೆ ನಗುತ್ತಾನೆ. ಮುದ್ರಾರಾಕ್ಷಸನು ತಂದಿಟ್ಟುದು ಬೇಸರ, ಇವನು ತಂದಿಟ್ಟುದು ಹಾಸ್ಯ. ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕಿ ಹೊರಟರೆ ಯಂತ್ರದ ಸ್ವಭಾವವೂ, ಅದಕ್ಕಿಂತ ಹೆಚ್ಚಾಗಿ ನಮ್ಮ ಸ್ವಭಾವವೂ ಬಯಲಾಗುವಂತಿದೆ.

ತಪ್ಪನ್ನು ತಿದ್ದಬೇಕಾದ ಯಂತ್ರಕ್ಕೆ ಮನುಷ್ಯನು ಯಾವ ಯಾವ ರೀತಿಯಲ್ಲಿ ತಪ್ಪುತ್ತಾನೆಂಬುದು ಮೊದಲು ತಿಳಿದಿರಬೇಕಷ್ಟೆ. ಐಬಿಎಂ ಸಂಸ್ಥೆಯಲ್ಲಿದ್ದ ಫ್ರೆಡ್ ಡ್ಯಾಮೆರೋ ಎಂಬ ವಿದ್ವಾಂಸನು 1964ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ತಾನು ಪರಿಶೀಲಿಸಿದ ಕಾಗುಣಿತದೋಷಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವು ನಾಲ್ಕೇ ಜಾತಿಗಳಿಗೆ ಸೇರಿದವೆಂದು ತೋರಿಸಿದನು: ಒಂದಕ್ಷರ ಬಿಟ್ಟುಹೋಗುವುದು, ಒಂದಕ್ಷರ ಹೆಚ್ಚಾಗಿ ಬಂದು ಸೇರುವುದು, ಒಂದರ ಸ್ಥಾನದಲ್ಲಿ ಮತ್ತೊಂದು ಬರುವುದು, ನೆರೆಹೊರೆಯ ಎರಡಕ್ಷರಗಳು ಅದಲುಬದಲಾಗುವುದು. ಕನ್ನಡ ಶಾಲೆಯಲ್ಲಿ ಸಂಧಿಪ್ರಕರಣವನ್ನು ಬಾಯಿಪಾಠ ಮಾಡಿದವರು ಈ ಪಟ್ಟಿಯಲ್ಲಿ ಮೊದಲಿನ ಮೂರನ್ನು ನೋಡಿದೊಡನೆ ಗುರುತಿಸುವರು. ಲೋಪ, ಆಗಮ, ಆದೇಶಗಳೆಂದು ನಮ್ಮ ವೈಯಾಕರಣರು ಶತಮಾನಗಳಿಂದ ಕಲಿಸುತ್ತ ಬಂದುದು ಇವುಗಳನ್ನೇ ಅಲ್ಲವೆ? ನಮ್ಮವರು ಅವನ್ನು ಭಾಷೆಯ ಸಹಜಧರ್ಮವೆಂದು ಬಗೆದು ಸೂತ್ರ ಬರೆದರು, ಆತನು ಬೆರಳಿನ ಪ್ರಮಾದವೆಂದು ಬಗೆದು ಔಷಧ ಹುಡುಕಿದನು, ಅಷ್ಟೇ ಭೇದ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನನು ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಒಂದು ಪದವನ್ನು ಮತ್ತೊಂದನ್ನಾಗಿ ಮಾಡಲು ಇಂತಹ ಮಾರ್ಪಾಡುಗಳು ಎಷ್ಟು ಬೇಕೆಂಬುದನ್ನೇ ಆ ಎರಡು ಪದಗಳ ನಡುವಣ ದೂರವೆಂದು ಅಳೆಯುವ ಕ್ರಮವನ್ನು ಕೊಟ್ಟನು. ಇಂದಿಗೂ ಆಟೋಕರೆಕ್ಟಿನ ಮೂಲಬಂಡವಾಳ ಇದೇ. ನಾವು ಬರೆದುದು ನಿಘಂಟಿನಲ್ಲಿ ಇಲ್ಲದಿದ್ದರೆ ಅದಕ್ಕೆ ಅತ್ಯಂತ ಸಮೀಪದಲ್ಲಿರುವ ಪದಗಳನ್ನು ಕೂಡಿಹಾಕು. ಸಮೀಪದವು ಹಲವಿದ್ದರೆ ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದನ್ನು ಆರಿಸು. ಈ ಎರಡನೆಯ ವಿಧಿಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕು, ಏಕೆಂದರೆ ಮುಂದೆ ಬರುವ ಹೆಚ್ಚಿನ ಅನಾಹುತಗಳ ಬೀಜವೂ ಅಲ್ಲಿದೆ. ಯಂತ್ರವು ಅರ್ಥವನ್ನು ಕೇಳುವುದಿಲ್ಲ, ಬಹುಮತವನ್ನು ಕೇಳುತ್ತದೆ.

ಕಾಗುಣಿತವನ್ನು ಪರೀಕ್ಷಿಸಿ ತಪ್ಪಿನ ಕೆಳಗೆ ಗೆರೆ ಎಳೆಯುವುದು ಒಂದು, ಕೇಳದೆಯೇ ತಿದ್ದಿಬಿಡುವುದು ಇನ್ನೊಂದು. ಈ ಎರಡನೆಯ ಸಾಹಸಕ್ಕೆ ಕೈಹಾಕಿದವನು ಮೈಕ್ರೋಸಾಫ್ಟಿನ ವರ್ಡ್ ತಂಡದಲ್ಲಿದ್ದ ಡೀನ್ ಹಾಚಮೊವಿಚ್. 1990ರ ದಶಕದ ಆರಂಭದಲ್ಲಿ, ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಟಿ-ಎಚ್-ಇ ಎಂಬ ಮೂರಕ್ಷರದ ಪದವನ್ನು ಅವಸರದ ಬೆರಳುಗಳು ಟಿ-ಇ-ಎಚ್ ಎಂದು ಒತ್ತುವುದನ್ನು ಗಮನಿಸಿ, ಅದನ್ನು ತಿದ್ದಲು ಬೇರೆ ಕೀಲಿಯೇಕೆ, ಪದ ಮುಗಿದೊಡನೆ ಎಲ್ಲರೂ ಹೇಗೂ ಒತ್ತುವ ಸ್ಪೇಸ್ ಕೀಲಿಯೇ ಸಾಲದೆ ಎಂದು ಅವನು ಆಲೋಚಿಸಿದನು. ನೋಡಲು ಅಲ್ಪವಾದ ಈ ಉಪಾಯದಲ್ಲಿ ಮುಂದಿನ ಹಾಸ್ಯಪ್ರಪಂಚವೆಲ್ಲ ಅಡಗಿತ್ತು. ಏಕೆಂದರೆ ಸ್ಪೇಸ್ ಒತ್ತುವ ಕ್ಷಣದಲ್ಲಿ ಬರೆಯುವವನ ಮನಸ್ಸು ಆಗಲೇ ಮುಂದಿನ ಪದಕ್ಕೆ ಹೋಗಿರುತ್ತದೆ. ಫೋನಿನಲ್ಲಾದರೆ ಅವನ ಕಣ್ಣೂ ಕೆಳಗಿನ ಕೀಲಿಗಳ ಮೇಲಿರುತ್ತದೆಯೇ ಹೊರತು ಮೇಲಿನ ಪಂಕ್ತಿಯ ಮೇಲಲ್ಲ. ಬೆನ್ನ ಹಿಂದೆ ಪದ ಬದಲಾಗುತ್ತದೆ. ಬರೆದವನಿಗೆ ಅದು ಕಾಣುವುದು ಕಳುಹಿಸಿದ ಮೇಲೆ, ಅನೇಕವೇಳೆ ಉತ್ತರ ಬಂದ ಮೇಲೆ.

ಪ್ರಮಾದವು ಎಷ್ಟು ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಅಂತರರಾಷ್ಟ್ರೀಯ ಸಂಸ್ಥೆಗಳ ಕಡತಗಳಲ್ಲಿಯೇ ನಿದರ್ಶನವುಂಟು. ಸಹಕಾರವೆಂಬ ಅರ್ಥದ ಇಂಗ್ಲಿಷ್ ಪದ 'ಕೋಆಪರೇಷನ್' ಎಂಬುದನ್ನು ನಡುವೆ ಅಡ್ಡಗೆರೆಯಿಟ್ಟೂ ಬರೆಯುವರು, ಇಡದೆಯೂ ಬರೆಯುವರು. ಹಿಂದಿನ ಕೆಲವು ತಂತ್ರಾಂಶಗಳ ನಿಘಂಟಿನಲ್ಲಿ ಅಡ್ಡಗೆರೆಯ ರೂಪ ಮಾತ್ರವಿದ್ದಿತು. ಗೆರೆಯಿಲ್ಲದ ರೂಪವನ್ನು ಕಂಡಾಗ ಅವು ಗಾಬರಿಗೊಂಡು, ಸಮೀಪದ ಪದಗಳಲ್ಲಿ ಮೊದಲನೆಯದಾಗಿ 'ಕ್ಯುಪರ್ಟಿನೊ' ಎಂಬುದನ್ನು ಮುಂದಿಡುತ್ತಿದ್ದವು. ಕ್ಯುಪರ್ಟಿನೊ ಎಂಬುದು ಕ್ಯಾಲಿಫೋರ್ನಿಯಾದ ಒಂದು ಊರು. ಅವಸರದ ಗುಮಾಸ್ತರು ಸೂಚನೆಯನ್ನು ಅನುಮೋದಿಸಿದರು. ಪರಿಣಾಮವಾಗಿ ವಿಶ್ವಸಂಸ್ಥೆ, ಐರೋಪ್ಯ ಒಕ್ಕೂಟ, ನೇಟೋಗಳ ಗಂಭೀರವಾದ ದಾಖಲೆಗಳಲ್ಲಿ ರಾಷ್ಟ್ರರಾಷ್ಟ್ರಗಳ ನಡುವೆ ಸಹಕಾರವು ಬೆಳೆಯಬೇಕಾದೆಡೆಯಲ್ಲಿ ಕ್ಯುಪರ್ಟಿನೊ ಬೆಳೆಯಿತು. ಬಾಸ್ನಿಯಾದಲ್ಲಿ ಶಾಂತಿಪಾಲನೆಗೆಂದು ನಿಂತಿದ್ದ ಪಡೆಯ ಬರಹವೊಂದರಲ್ಲಿ, ಇಟಲಿಯ ಸಂಗಡಿಗರೊಡನೆ ನಡೆದ ಕ್ಯುಪರ್ಟಿನೊ ಬಹು ಫಲಪ್ರದವಾಯಿತೆಂಬ ಸಂತೋಷದ ಸಮಾಚಾರವೂ ಇದೆ. ಐರೋಪ್ಯ ಒಕ್ಕೂಟದ ಭಾಷಾಂತರಕಾರರು ಇಂತಹ ದೋಷಗಳಿಗೆಲ್ಲ 'ಕ್ಯುಪರ್ಟಿನೊ ಪರಿಣಾಮ' ಎಂಬ ಹೆಸರನ್ನೇ ಕೊಟ್ಟರು. ಇದೇ ಊರಿನಲ್ಲಿ ಆ್ಯಪಲ್ ಸಂಸ್ಥೆಯ ಮುಖ್ಯ ಕಚೇರಿಯಿರುವುದೂ, ತಿದ್ದುಪಡಿಯ ಕಲೆಯನ್ನು ಕೋಟ್ಯಂತರ ಜೇಬುಗಳಿಗೆ ಹಂಚಿದ ಫೋನು ಅಲ್ಲಿಂದಲೇ ಹೊರಟುದೂ ಕಾಕತಾಳೀಯವೆಂದಷ್ಟೇ ಹೇಳಬಹುದು. ಪುರಾಣಕರ್ತರ ಕೈಗೆ ಸಿಕ್ಕಿದ್ದರೆ ಅದು ಶಾಪವಾಗುತ್ತಿತ್ತು.

ಯಂತ್ರದ ತಪ್ಪಲ್ಲದ ತಪ್ಪುಗಳೂ ಉಂಟು. 2008ರಲ್ಲಿ ಅಮೆರಿಕದ ಸಂಪ್ರದಾಯನಿಷ್ಠ ಸುದ್ದಿಜಾಲವೊಂದು, ಸಲಿಂಗಪ್ರೇಮಿ ಎಂಬುದಕ್ಕೆ ರೂಢಿಯಲ್ಲಿರುವ 'ಗೇ' ಎಂಬ ಪದ ತನ್ನ ಪುಟಗಳಲ್ಲಿ ಎಲ್ಲಿ ಬಂದರೂ ತಾನೇ ಆಯ್ದ ಇನ್ನೊಂದು ಪದವನ್ನು ಹಾಕುವಂತೆ ಯಂತ್ರಕ್ಕೆ ಕಟ್ಟಪ್ಪಣೆ ಮಾಡಿಟ್ಟಿತ್ತು. ಆ ವರ್ಷ ಒಲಿಂಪಿಕ್ ಆಯ್ಕೆಯ ಓಟದಲ್ಲಿ ಗೆಲ್ಲುತ್ತಿದ್ದವನು ಟೈಸನ್ ಗೇ. ಓಟಗಾರನ ಮನೆತನದ ಹೆಸರು ಶೀರ್ಷಿಕೆಯಿಂದ ಹಿಡಿದು ಕೊನೆಯ ವಾಕ್ಯದವರೆಗೆ ಏನಾಯಿತೆಂಬುದನ್ನು ವಾಚಕರು ಊಹಿಸಿಕೊಳ್ಳಲಿ. ಇಲ್ಲಿ ಯಂತ್ರವು ಆಜ್ಞಾಧಾರಕ ಭೃತ್ಯ ಮಾತ್ರ, ನಗೆಪಾಟಲಾದವನು ಯಜಮಾನ.

ಇನ್ನು ಫೋನಿನ ವಿಚಾರ. ಅಂಕಿಯ ಗುಂಡಿಗಳಿದ್ದ ಹಳೆಯ ಮೊಬೈಲುಗಳಲ್ಲಿ ಹೆಚ್ಚಿನ ಗುಂಡಿಗಳ ಮೇಲೆ ಮೂರು ನಾಲ್ಕು ಅಕ್ಷರಗಳು ಒಟ್ಟಿಗೆ ವಾಸಿಸುತ್ತಿದ್ದವು. ಟಿ9 ಎಂಬ ವ್ಯವಸ್ಥೆಯಲ್ಲಿ 2665 ಎಂದು ಒತ್ತಿದರೆ ಅದು ಬುಕ್ ಆಗಬಹುದಾಗಿತ್ತು, ಕೂಲ್ ಆಗಬಹುದಾಗಿತ್ತು. 5477 ಎಂದರೆ ಕಿಸ್ ಎಂದೂ ಆಗುತ್ತಿತ್ತು, ಲಿಪ್ಸ್ ಎಂದೂ ಆಗುತ್ತಿತ್ತು. ಸಂಖ್ಯಾಶಾಸ್ತ್ರಕ್ಕೂ ಶೃಂಗಾರಕ್ಕೂ ಇಷ್ಟು ನಿಕಟವಾದ ನಂಟು ಬೇರೆಲ್ಲಿಯೂ ಕಂಡುಬಂದಿಲ್ಲ. 2007ರಲ್ಲಿ ಐಫೋನ್ ಬಂದಮೇಲೆ ಗುಂಡಿಗಳೇ ಮಾಯವಾಗಿ ನುಣುಪಾದ ಗಾಜು ಉಳಿಯಿತು. ಹೆಬ್ಬೆರಳ ತುದಿ ಒಂದು ಅಕ್ಷರದ ಚಿತ್ರಕ್ಕಿಂತ ದಪ್ಪ. ಅದು ಮುಟ್ಟಿದ್ದು ಯಾವ ಅಕ್ಷರವನ್ನು ಎಂಬುದೇ ಸಂದಿಗ್ಧ. ಆದುದರಿಂದ ಆ ಕೀಲಿಮಣೆಯನ್ನು ರೂಪಿಸಿದ ಕೆನ್ ಕೊಸಿಯೆಂಡನಿಗೆ ಆಟೋಕರೆಕ್ಟ್ ಎಂಬುದು ಅಲಂಕಾರವಾಗಿರಲಿಲ್ಲ, ಆಧಾರಸ್ತಂಭವಾಗಿತ್ತು. ಅದಿಲ್ಲದೆ ಗಾಜಿನ ಮೇಲೆ ಬರೆಯುವುದೇ ದುಸ್ಸಾಧ್ಯವಾಗುತ್ತಿತ್ತು. ಪ್ರತಿದಿನ ಅದು ತಿದ್ದಿಕೊಟ್ಟ ಸಾವಿರ ತಪ್ಪುಗಳನ್ನು ನಾವು ಕಾಣುವುದೇ ಇಲ್ಲ, ಅದು ಮಾಡಿದ ಒಂದನ್ನು ಊರಿಗೆಲ್ಲ ತೋರಿಸಿ ನಗುತ್ತೇವೆ.

ಸಭ್ಯತೆಯ ಪ್ರಶ್ನೆಯೂ ಆಗ ಎದುರಾಯಿತು. ಇಂಗ್ಲಿಷರ ಬಾಯಲ್ಲಿ ಹಗಲಿರುಳೂ ಸಂಚರಿಸುವ, ಶಿಷ್ಟರು ಅಚ್ಚು ಹಾಕಲು ಹಿಂಜರಿಯುವ ಒಂದು ಬೈಗಳುಂಟು. ಯಾರೋ ಅಜ್ಜಿಗೆ ಬರೆಯುತ್ತಿರುವ ಮುಗ್ಧ ಪತ್ರದಲ್ಲಿ ಆ ಪದವನ್ನು ಯಂತ್ರವೇ ತಂದು ಕೂರಿಸಿದರೆ ಗತಿಯೇನೆಂದು ಹೆದರಿ, ಅದನ್ನು ಸೂಚಿಸಬಾರದೆಂದು ಕಟ್ಟುಮಾಡಿದರು. ಅದರ ಮೊದಲಕ್ಷರದ ಪಕ್ಕದ ಕೀಲಿಯಲ್ಲಿಯೇ 'ಡಿ' ಇರುವುದರಿಂದ, ಕೋಪಗೊಂಡು ಬೈಯಹೊರಟವರ ಪರದೆಯಲ್ಲೆಲ್ಲ ಬಾತುಕೋಳಿಗಳು ಈಜತೊಡಗಿದವು. ಹದಿನೈದು ವರ್ಷಕ್ಕೂ ಮಿಕ್ಕಿ ನಡೆದ ಈ ಜಲಕ್ರೀಡೆಗೆ 2023ರ ಜೂನ್ ತಿಂಗಳಿನಲ್ಲಿ ಆ್ಯಪಲ್‌ನ ಕ್ರೇಗ್ ಫೆಡೆರಿಘಿ ಬಾತುಕೋಳಿಯನ್ನೇ ಹೆಸರಿಸಿ ಹಾಸ್ಯ ಮಾಡುತ್ತ ತೆರೆ ಎಳೆದನು; ಬಳಸುವವನು ಬೈಗಳನ್ನೇ ಉದ್ದೇಶಿಸಿದ್ದರೆ ಕೀಲಿಮಣೆ ಅದನ್ನೂ ಇನ್ನು ಕಲಿತುಕೊಳ್ಳುವುದೆಂದು ಸಾರಿದನು. ಒಂದು ಬೈಗಳಿಗೆ ಇಷ್ಟು ವಿಧ್ಯುಕ್ತವಾದ ಪಟ್ಟಾಭಿಷೇಕ ನಡೆದುದನ್ನು ನಾವು ಬೇರೆ ಕೇಳಿಲ್ಲ.

ಕನ್ನಡಿಗನ ಕಷ್ಟ ಇಮ್ಮಡಿಯಾದುದು. ಬಹುಕಾಲ ಮೊಬೈಲುಗಳಲ್ಲಿ ಕನ್ನಡದ ಅಕ್ಷರಗಳು ಬರಿಯ ಚೌಕಗಳಾಗಿ ಕಾಣುತ್ತಿದ್ದುದರಿಂದ ಜನರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡರು. ಚೌಕಗಳು ಹೋದವು, ರೂಢಿ ಉಳಿಯಿತು. ಇಂಗ್ಲಿಷ್ ನಿಘಂಟೊಂದನ್ನೇ ಬಲ್ಲ ಮಹಾಶಯನ ಮುಂದೆ ಈ ವಾಕ್ಯಗಳು ಬಂದು ನಿಂತಾಗ ಅವನು ಪ್ರತಿಪದದಲ್ಲಿಯೂ ದೋಷವನ್ನೇ ಕಾಣುತ್ತಾನೆ. 'ಮನೆಗೆ ಬನ್ನಿ' ಎಂದು ಆದರದಿಂದ ಕರೆದರೆ ಅತಿಥಿಗೆ ತಲುಪುವುದು 'ಮ್ಯಾನೇಜ್ ಬನ್ನಿ', ಎಂದರೆ ಮೊಲದ ಮರಿಯೊಂದನ್ನು ನಿಭಾಯಿಸೆಂಬ ಆದೇಶ. ಅಕ್ಕಿ ರೊಟ್ಟಿ ಮಾಡಿದ್ದೇನೆಂದು ಹೆಮ್ಮೆಯಿಂದ ತಿಳಿಸಿದ ಗೃಹಿಣಿಯ ರೊಟ್ಟಿಯು ದಾರಿಯಲ್ಲಿಯೇ 'ರಾಟನ್' ಆಗಿ, ಕೊಳೆತು, ಗಂಡನ ಕಚೇರಿಯನ್ನು ಸೇರುತ್ತದೆ. ಎಮ್ ಮತ್ತು ಎನ್ ಎಂಬ ಅಕ್ಷರಗಳು ಕೀಲಿಮಣೆಯಲ್ಲಿ ಒತ್ತಿಕೊಂಡು ಕುಳಿತಿರುವುದರಿಂದ ಅಮ್ಮನು ಅಣ್ಣನಾಗುವುದಂತೂ ದಿನನಿತ್ಯದ ಮಾತು. ಆನಾ ಎಂಬ ಹೆಸರಿನ ಹೆಂಗಸರು ಪಾಶ್ಚಾತ್ಯರಲ್ಲಿ ಧಾರಾಳವಾಗಿರುವುದರಿಂದ ಬಹುಮತವೂ ಆ ಕಡೆಗೇ.

ಇದಕ್ಕೆ ಪರಿಹಾರವಾಗಿ ಬಂದುದು, ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಕನ್ನಡ ಲಿಪಿಯನ್ನು ಮೂಡಿಸುವ ಕೀಲಿಮಣೆಗಳು. ಇಲ್ಲಿ ಹಾಸ್ಯವು ಪರಭಾಷೆಯ ಹಂಗು ತೊರೆದು ಶುದ್ಧ ದೇಶೀಯವಾಯಿತು. ಲ-ಳ, ನ-ಣ, ದ-ಧ-ಡ, ಹ್ರಸ್ವ-ದೀರ್ಘಗಳೆಂಬ ಭೇದಗಳನ್ನು ರೋಮನ್ ಅಕ್ಷರಗಳು ತಾವಾಗಿ ಉಳಿಸಿಕೊಳ್ಳಲಾರವು. ದೊಡ್ಡಕ್ಷರ, ಹೆಚ್ಚಿನಕ್ಷರಗಳ ಸಂಕೇತಗಳನ್ನು ಬಳಸುವ ತಾಳ್ಮೆ ಅವಸರದ ಬೆರಳಿಗಿಲ್ಲ. ಬಿ-ಎ-ಎಲ್-ಇ ಎಂದು ಒತ್ತಿದರೆ ಬಲೆ, ಬಳೆ, ಬಾಲೆ, ಬಾಳೆಗಳು ನಾಲ್ಕೂ ಬಾಗಿಲಲ್ಲಿ ಬಂದು ನಿಲ್ಲುತ್ತವೆ. ಯಾರನ್ನು ಒಳಕ್ಕೆ ಕರೆಯಬೇಕೆಂಬುದನ್ನು ಯಂತ್ರ ತೀರ್ಮಾನಿಸುತ್ತದೆ. ಸೀಮಂತಕ್ಕೆ ಬಂದ ಮುತ್ತೈದೆಯರಿಗೆಲ್ಲ ಬಲೆ ತೊಡಿಸಿ ಕಳುಹಿಸಿದೆವೆಂಬ ವಾರ್ತೆಯನ್ನು ನಾವು ಕಣ್ಣಾರೆ ಓದಿದ್ದೇವೆ. ಬೆಳಗ್ಗೆ ಹಾಲು ತರಲು ಹೋದವನು ಮನೆಗೆ ಹಾಳು ತಂದಿಟ್ಟುದೂ, ಕುಕ್ಕರ್ ಮೂರು ಸಲ ಕೂಗಿದ ಮೇಲೆ ಅಣ್ಣ ಬೆಂದಿದೆಯೇ ಎಂದು ವಿಚಾರಿಸಿದ ತಂಗಿಗೆ ಅಣ್ಣನೇ ಇನ್ನೂ ಸ್ವಲ್ಪ ಬೇಯಬೇಕೆಂದು ಉತ್ತರ ಕೊಟ್ಟುದೂ ನಮ್ಮ ಸಂಗ್ರಹದಲ್ಲಿವೆ.

ಆದರೆ ಈ ಜಾತಿಯಲ್ಲಿ ಶಿರೋಮಣಿಯೆಂದು ನಾವು ಎಣಿಸಿರುವುದು ಪರಿಚಿತರೊಬ್ಬರ ಮನೆಯಲ್ಲಿ ನಡೆದುದು. ವರಮಹಾಲಕ್ಷ್ಮಿಯ ಹಬ್ಬದ ದಿನ, ಸೊಸೆ ಬೆಳಗಿನ ಜಾವವೇ ಎದ್ದು ದೇವರ ಮನೆಯನ್ನು ಸಾರಿಸಿ, ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯ್ದು ಬಟ್ಟಲಿಗೆ ತೆಗೆದಿರಿಸಿ, ಎರಡು ಬೀದಿಯಾಚೆ ಮಗಳ ಮನೆಯಲ್ಲಿ ತಂಗಿದ್ದ ಅತ್ತೆಗೆ ವಾಟ್ಸ್ಆ್ಯಪ್ ಮಾಡಿದಳು. ಅವಳು ಉದ್ದೇಶಿಸಿದ್ದು, ಅತ್ತೆ, ಗಂಧ ತೇಯ್ದಿಟ್ಟಿದ್ದೇನೆ, ನೀವು ಬಂದರೆ ಪೂಜೆ ಶುರು ಮಾಡಬಹುದು, ಎಂದು. ಕೈಯಲ್ಲಿ ಇನ್ನೂ ಗಂಧದ ತೇವವಿದ್ದುದರಿಂದ ಎಚ್ ಎಂಬ ಅಕ್ಷರ ಒತ್ತಿಗೆ ಸಿಕ್ಕಲಿಲ್ಲ. 'ಅತ್ತೆ, ಗಂಡ ತೇಯ್ದಿಟ್ಟಿದ್ದೇನೆ' ಎಂಬ ಒಕ್ಕಣೆ ಹೊರಟುಹೋಯಿತು. ಎರಡು ನಿಮಿಷದ ಮೌನದ ತರುವಾಯ ಅತ್ತೆಯ ಉತ್ತರ ಬಂದಿತು: 'ಅವನು ನನ್ನ ಮಗನೂ ಹೌದು ಕಣಮ್ಮ, ಪೂರ್ತಿ ತೇಯಬೇಡ. ನಾನು ಬರೋವರೆಗೂ ಒಂಚೂರು ಉಳಿಸಿರು.' ಈ ಉತ್ತರವನ್ನು ಯಾವ ಯಂತ್ರವೂ ಸೂಚಿಸಲಾರದು. ತಪ್ಪು ಯಂತ್ರದ್ದಾಗಿದ್ದರೂ ಅದನ್ನು ಹಾಸ್ಯವನ್ನಾಗಿ ಮಾಡಿದವರು ಆ ಮುದುಕಿ; ಅವರು ಒಂದು ಕ್ಷಣ ಆ ವಾಕ್ಯವನ್ನು ಅಕ್ಷರಶಃ ನಂಬಿದಂತೆ ನಟಿಸದಿದ್ದಲ್ಲಿ ಅದು ಕೇವಲ ಒಂದು ಅಲ್ಪಪ್ರಾಣದ ಪ್ರಸಂಗವಾಗಿ ಮುಗಿದುಹೋಗುತ್ತಿತ್ತು.

ರೋಮನ್ ಲಿಪಿಯನ್ನು ಹಳಿಯುವುದಕ್ಕೆ ಮೊದಲು ನಮ್ಮ ಓಲೆಗರಿಗಳನ್ನು ನೆನೆಯುವುದು ನ್ಯಾಯ. ಹಳೆಯ ಕನ್ನಡ ಹಸ್ತಪ್ರತಿಗಳಲ್ಲಿ ಎ-ಏ, ಒ-ಓಗಳ ಭೇದವನ್ನು ತೋರಿಸುವ ವಾಡಿಕೆಯಿರಲಿಲ್ಲ. ಪದಪದಗಳ ನಡುವೆ ತೆರಪಿರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಲಿಪಿಕಾರನ ಮನೋಧರ್ಮವನ್ನು ಅವಲಂಬಿಸಿದ್ದವು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ಲಿಪಿಕಾರರ ಸ್ಖಾಲಿತ್ಯಗಳ ಪರಿಚಯ ಇದ್ದೇ ಇರುತ್ತದೆ. ಕಣ್ಣು ಜಾರಿ ಬಂದ ತಪ್ಪುಗಳಿಗಿಂತ ಸಂಪಾದಕರನ್ನು ಹೆಚ್ಚು ಕಾಡುವುದು, ಲಿಪಿಕಾರನು ತನಗೆ ಅರ್ಥವಾಗದ ಹಳೆಯ ಪದವನ್ನು ತಪ್ಪೆಂದು ಭಾವಿಸಿ, ತನಗೆ ಪರಿಚಿತವಾದ ಸುಲಭಪದವನ್ನು ಅಲ್ಲಿ ಸದುದ್ದೇಶದಿಂದ ಬರೆದಿಟ್ಟ ಸ್ಥಳಗಳು. ಎರಡು ಪಾಠಗಳಿದ್ದರೆ ಕಠಿನವಾದುದೇ ಕವಿಯದಿರಬೇಕೆಂದು ಗ್ರಂಥಸಂಪಾದಕರು ಶಂಕಿಸುವುದು ಈ ಕಾರಣದಿಂದ. ನಮ್ಮ ಫೋನಿನೊಳಗೆ ಕುಳಿತವನು ಈ ಅತಿಬುದ್ಧಿಯ ಲಿಪಿಕಾರನ ನೇರವಾದ ವಂಶಸ್ಥನು. ವಂಶದಲ್ಲಿ ಒಂದು ಅವನತಿ ಮಾತ್ರ ಆಗಿದೆ: ಹಿಂದಿನವನು ಗ್ರಂಥದ ಕೊನೆಯಲ್ಲಿ, ಮಾತೃಕೆಯಲ್ಲಿ ಕಂಡಂತೆ ಬರೆದಿದ್ದೇನೆ, ದೋಷವಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ವಿನಯದಿಂದ ವಿಜ್ಞಾಪಿಸಿಕೊಳ್ಳುತ್ತಿದ್ದನು, ಇವನಿಗೆ ಆ ಶಿಷ್ಟಾಚಾರವಿಲ್ಲ.

ಕನ್ನಡ ಲಿಪಿಯನ್ನೇ ನೇರವಾಗಿ ಒತ್ತುವವರಿಗೂ ನೆಮ್ಮದಿಯಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ನಾಲ್ಕೈದು ರೂಪಗಳಾದರೆ ಮುಗಿಯಿತು. ನಮ್ಮ 'ಬರು' ಎಂಬ ಧಾತುವೊಂದೇ ಬರುತ್ತೇನೆ, ಬಂದಾನು, ಬಾರದಿದ್ದರೆ, ಬರಬೇಕಾಗಿದ್ದಿತಾದರೂ ಎಂದು ಕವಲೊಡೆದು ಹೋಗುವುದಕ್ಕೆ ಮೇರೆಯಿಲ್ಲ. ಮೇಲಾಗಿ ಧಾರವಾಡದವರು 'ಬರ್ತೇನ್ರಿ' ಎನ್ನುವರು, ಮೈಸೂರಿನ ಕಡೆಯವರು 'ಬತ್ತೀನಿ' ಎನ್ನುವರು, ಕುಂದಾಪುರದವರು 'ಬತ್ತೆ' ಎನ್ನುವರು. ಇವೆಲ್ಲವನ್ನೂ ಪಟ್ಟಿ ಮಾಡಿಡಬಲ್ಲ ನಿಘಂಟಿಲ್ಲ. ಹೀಗಾಗಿ ಕೀಲಿಮಣೆಯು ತನಗೆ ಪರಿಚಿತವಾದ ಪುಸ್ತಕದ ರೂಪವನ್ನು ಮುಂದೊತ್ತುತ್ತದೆ. ಹುಬ್ಬಳ್ಳಿಯ ಗೆಳೆಯನು ಚಹಾ ಕುಡಿಯಲು ಕರೆದ ಕರೆಯೂ ತಾಲ್ಲೂಕು ಕಚೇರಿಯ ಸುತ್ತೋಲೆಯ ಧಾಟಿಯಲ್ಲಿ ಬಂದು ತಲುಪುತ್ತದೆ. ಇದನ್ನು ಪ್ರಮಾದವೆನ್ನುವುದಕ್ಕಾಗದು, ಆದರೆ ಓದಿದವನಿಗೆ ಗೆಳೆಯನೇಕೆ ಮುನಿದಿದ್ದಾನೆಂಬ ಚಿಂತೆ ಹತ್ತುತ್ತದೆ.

ಈಚಿನ ಕೀಲಿಮಣೆಗಳು ತಿದ್ದುವುದಷ್ಟಕ್ಕೇ ತೃಪ್ತವಾಗದೆ, ಮುಂದಿನ ಪದ ಯಾವುದಿರಬೇಕೆಂಬುದನ್ನೂ ಊಹಿಸಿ, ಮೇಲಿನ ಪಟ್ಟಿಯಲ್ಲಿ ಮೂರು ಪದಗಳನ್ನು ಹರಡಿಡುತ್ತವೆ. ಯಂತ್ರವು ನಮ್ಮನ್ನು ಹಿಡಿದುಕೊಡುವುದು ಇಲ್ಲಿಯೇ. 'ಭಾವಪೂರ್ಣ' ಎಂದು ಬರೆದು ನಿಲ್ಲಿಸಿ ನೋಡಬೇಕು. ಮರುಕ್ಷಣದಲ್ಲಿ 'ಶ್ರದ್ಧಾಂಜಲಿ' ಪ್ರತ್ಯಕ್ಷವಾಗುತ್ತದೆ. ರಾಮನವಮಿಯ ಸಂಗೀತೋತ್ಸವದಲ್ಲಿ ಕಛೇರಿ ಮುಗಿಸಿ ಆಗತಾನೇ ಪಾನಕ ಕುಡಿಯುತ್ತ ಕುಳಿತಿದ್ದ ವಿದ್ವಾಂಸರೊಬ್ಬರಿಗೆ ಭಾವಪೂರ್ಣ ಗಾಯನವೆಂದು ಮೆಚ್ಚುಗೆ ಬರೆಯಹೊರಟ ರಸಿಕರು, ಬೆರಳಿನ ಅವಸರದಲ್ಲಿ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿಯನ್ನು ಸಮರ್ಪಿಸಿದುದುಂಟು. ಯಂತ್ರದ ತಪ್ಪೇನು? ನಮ್ಮ ಪತ್ರಿಕೆಗಳು, ಬೀದಿಯ ಫಲಕಗಳು, ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳು ಎಲ್ಲವೂ ಸೇರಿ ಆ ವಿಶೇಷಣವನ್ನು ಸತ್ತವರಿಗೆಂದೇ ಮೀಸಲಿಟ್ಟ ಮೇಲೆ, ಬದುಕಿರುವವರಲ್ಲಿಯೂ ಭಾವವಿರಬಹುದೆಂದು ಅದಕ್ಕೆ ಹೇಳಿಕೊಟ್ಟವರು ಯಾರು? ಹಾಗೆಯೇ 'ಹಾರ್ದಿಕ' ಎಂದರೆ ಶುಭಾಶಯ, 'ಅಭ್ಯರ್ಥಿ' ಎಂದರೆ 'ಪರ', 'ಗಣ್ಯ' ಎಂದರೆ 'ಮಾನ್ಯರು'. ನಾಲ್ಕಾರು ಸಲ ಯಂತ್ರ ಮುಂದಿಟ್ಟುದನ್ನೇ ಒತ್ತುತ್ತ ಹೋದರೆ ಸನ್ಮಾನಪತ್ರವೊಂದು ತಾನಾಗಿ ಸಿದ್ಧವಾಗುತ್ತದೆ. ಅದನ್ನು ಓದಿ ನಕ್ಕವರು, ಕಳೆದ ವಾರ ತಾವೇ ಸಭೆಯಲ್ಲಿ ಓದಿದ ಸನ್ಮಾನಪತ್ರವನ್ನು ತೆಗೆದು ಹೋಲಿಸಿ ನೋಡುವ ಧೈರ್ಯ ಮಾಡುವುದಿಲ್ಲ. ಸಾವಿನ ಸುದ್ದಿಗೂ ಹುಟ್ಟುಹಬ್ಬದ ಸುದ್ದಿಗೂ ಒಂದೇ ವೇಗದಲ್ಲಿ ಉತ್ತರ ಕೊಟ್ಟು ಮುಗಿಸುವ ಆತುರ ನಮ್ಮದು. ಎರಡನ್ನೂ ಅದಲುಬದಲು ಮಾಡುವುದಷ್ಟೇ ಯಂತ್ರದ ಕೆಲಸ.

ಒಂದೊಂದು ಪದವನ್ನು ಪ್ರತ್ಯೇಕವಾಗಿ ನೋಡದೆ ಇಡೀ ವಾಕ್ಯದ ಹಿಂದುಮುಂದನ್ನು ನೋಡಿ ತಿದ್ದುವ ಹೊಸ ಮಾದರಿಗಳು ಈಗ ಬಳಕೆಗೆ ಬಂದಿವೆ. ದೊಡ್ಡ ದೊಡ್ಡ ಭಾಷೆಗಳಲ್ಲಿ ಇದರಿಂದ ತಮಾಷೆಯ ಪ್ರಮಾದಗಳು ಕಡಿಮೆಯಾಗುತ್ತಿರುವುದು ನಿಜ. ಆದರೆ ಇವಕ್ಕೆ ಇನ್ನೊಂದು ಗುಣವಿದೆ, ಅದು ಹಿಂದಿನವಕ್ಕೂ ಇದ್ದುದೇ: ಬಳಸುವವನಿಂದ ಕಲಿಯುವ ಗುಣ. ನಾವು ಯಾವ ಪದವನ್ನು ಮತ್ತೆ ಮತ್ತೆ ಒತ್ತುತ್ತೇವೋ, ತಿದ್ದಿದುದನ್ನು ಅಳಿಸಿ ಯಾವುದನ್ನು ಹಟದಿಂದ ಉಳಿಸುತ್ತೇವೋ ಅದನ್ನು ಕೀಲಿಮಣೆಯು ನಮ್ಮ ಸ್ವಂತ ನಿಘಂಟಿಗೆ ಸೇರಿಸಿಕೊಳ್ಳುತ್ತದೆ. ಮಕ್ಕಳು ಅಜ್ಜಿಯ ಫೋನು ಹಿಡಿದು ಆಡಿದ ಮನೆಗಳಲ್ಲಿ ಅಜ್ಜಿಯ ಆಶೀರ್ವಾದದ ನಡುವೆ ಕ್ರಿಕೆಟ್ ಆಟಗಾರರ ಹೆಸರುಗಳು ನುಸುಳುವುದು ಹೀಗೆ.

ಇದರ ಪರಮಾವಧಿಯನ್ನು ಕಂಡವರು ನಮಗೆ ಪರಿಚಿತರಾದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ಅವರು ಉಗ್ರನರಸಿಂಹರು. ವಿದ್ಯಾರ್ಥಿಯನ್ನು 'ವಿಧ್ಯಾರ್ಥಿ' ಎಂದು ಬರೆದವನನ್ನು ಬೆಂಚಿನ ಮೇಲೆ ನಿಲ್ಲಿಸದೆ ಬಿಟ್ಟವರಲ್ಲ. ನಿವೃತ್ತರಾದ ಮೇಲೆ ಕಾಲ ಕಳೆಯಲು ಅವರು ಊರಿನ ಅಂಗಡಿಯ ಹಲಗೆಗಳಲ್ಲಿ, ಮದುವೆಯ ಕರೆಯೋಲೆಗಳಲ್ಲಿ, ರಾಜಕಾರಣಿಗಳ ಫ್ಲೆಕ್ಸುಗಳಲ್ಲಿ ಕಂಡ ಅಪಪ್ರಯೋಗಗಳನ್ನೆಲ್ಲ ಸಂಗ್ರಹಿಸಿ ಫೋನಿನಲ್ಲಿ ಬರೆದಿಡತೊಡಗಿದರು. 'ಅಧ್ಭುತ', 'ಉಧ್ಘಾಟನೆ', 'ವಿಧ್ಯುತ್' ಎಂದು ಅವರು ಒಂದೊಂದನ್ನೂ ಶ್ರದ್ಧೆಯಿಂದ ಒತ್ತುವರು, ಯಂತ್ರ ತಿದ್ದುವುದು, ಇವರು ಅಳಿಸಿ ಮತ್ತೆ ತಪ್ಪನ್ನೇ ಸ್ಥಾಪಿಸುವರು. ಇಂತಹ ವೃದ್ಧ ವಿದ್ವಾಂಸರು ಇಷ್ಟು ಹಟ ಹಿಡಿದು ಬರೆಯುತ್ತಿರುವಾಗ ಅದೇ ಸಾಧುರೂಪವಿರಬೇಕೆಂದು ಕೀಲಿಮಣೆಯೂ ಕ್ರಮೇಣ ಒಪ್ಪಿಕೊಂಡಿತು. ಅನಪೇಕ್ಷಿತ ಪದದ ಮೇಲೆ ಬೆರಳೂರಿ ಹಿಡಿದು ಕಸದ ಬುಟ್ಟಿಯ ಚಿತ್ರಕ್ಕೆ ಎಳೆದು ಹಾಕಿದರೆ ಅದು ನಿಘಂಟಿನಿಂದ ತೊಲಗುವುದೆಂದು ಮೊಮ್ಮಗಳು ಹೇಳಿಕೊಟ್ಟಿದ್ದಳಂತೆ; ಆದರೆ ಸಂಗ್ರಹ ಇನ್ನೂ ಮುಗಿದಿಲ್ಲವೆಂದು ಅವರು ಅದಕ್ಕೆ ಕೈಹಾಕಿರಲಿಲ್ಲ. ಅಷ್ಟರಲ್ಲಿ, ಹಿಂದೆ ಬೆಂಚಿನ ಮೇಲೆ ನಿಂತವನೇ ಆದ ಹಳೆಯ ಶಿಷ್ಯನೊಬ್ಬನು ಹೊಸದಾಗಿ ತೆರೆಯುವ ಅಂಗಡಿಗೆ ಬಂದು ಆಶೀರ್ವದಿಸಬೇಕೆಂದು ಬರೆದನು. ಮೇಷ್ಟ್ರು ಕನ್ನಡಕ ಹುಡುಕುವ ಗೋಜಿಗೆ ಹೋಗದೆ, ಯಂತ್ರ ಮುಂದಿಟ್ಟುದನ್ನು ಒತ್ತಿ, ಉಧ್ಘಾಟನೆಗೆ ತಪ್ಪದೆ ಬರುವೆನೆಂದು ಉತ್ತರ ಕಳುಹಿಸಿದರು. ಶಿಷ್ಯನು ವಿನಯಶಾಲಿ. ಕೈಮುಗಿದ ಎರಡು ಚಿತ್ರಗಳ ನಡುವೆ ಅವನು ಬರೆದುದು ಇಷ್ಟೇ: 'ಬಹಳ ಸಂತೋಷ ಸಾರ್. ದ-ಕ್ಕೆ ಮಹಾಪ್ರಾಣ ಬೇಡ ಅಲ್ವಾ ಸಾರ್? ಬೋರ್ಡ್ ಬರೆಯೋನಿಗೆ ಹೇಳಬೇಕಿತ್ತು.'